ಗೋಡೆಗೊಂದು ಮೊಳೆ

ನಮ್ಮ ಊರಿನಲ್ಲಿ ಜಗಳವಾಡುವವರು ಯಾರೂ ಇಲ್ಲ. ಇಬ್ಬರಿಗೆ ಒಂದು ವಿಷಯದಲ್ಲಿ ಹೊಂದಿಕೆಯಾಗದಿದ್ದರೆ ಅವರು ಓಣಿ ಕಚೇರಿಗೆ ಬಂದು ನನ್ನ ಮುಂದೆ ಕೂರುತ್ತಾರೆ. ಮರುದಿನ ಬೆಳಿಗ್ಗೆ ಅವರ ಮನೆಯ ಪಕ್ಕದಲ್ಲಿ ಒಂದು ಓಣಿ ತೆರೆದುಕೊಂಡಿರುತ್ತದೆ. ಅದರೊಳಗೆ ಸ್ವಲ್ಪ ದೂರ ಹೋದರೆ ಅದೇ ಮನೆ: ಅದೇ ಸವೆದ ಹೊಸ್ತಿಲು, ಅದೇ ಬಿರುಕು ಬಿಟ್ಟ ಮಾಡು, ಗೂಡಿನಲ್ಲಿ ಅದೇ ಅರ್ಧ ಖಾಲಿಯಾದ ಉಪ್ಪಿನಕಾಯಿ ಭರಣಿ. ಮನುಷ್ಯರು ಮಾತ್ರ ಎರಡಾಗುವುದಿಲ್ಲ. ಬೇರೆ ರೀತಿ ಮಾಡಿ ನೋಡಬೇಕೆನ್ನುವವರು ಓಣಿಯ ಮನೆಗೆ ಹೋಗುತ್ತಾರೆ. ಇದ್ದ ಹಾಗೇ ಇರಲಿ ಎನ್ನುವವರು ಹೆಬ್ಬೀದಿಯಲ್ಲಿ ಉಳಿಯುತ್ತಾರೆ.

ಬಾಗಿಲಿಗೆ ಹಸಿರು ಬಣ್ಣವೋ ನೀಲಿಯೋ ಎಂಬುದಕ್ಕೆ ಓಣಿ ತೆರೆಸಿದ ಗಂಡ ಹೆಂಡಿರಿದ್ದಾರೆ. ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಗಂಟೆ ಊಟಕ್ಕೆ ಮುಂಚೆ ಹೊಡೆಯಬೇಕೋ ಊಟವಾದ ಮೇಲೋ ಎಂಬುದಕ್ಕೂ ಒಂದು ಓಣಿ ಇದೆ, ಅಲ್ಲಿ ಈಗಲೂ ಮಕ್ಕಳು ಗಂಟೆಗೆ ಮುಂಚೆ ಉಣ್ಣುತ್ತಾರೆ. ಹೆಣ್ಣು ನೋಡಲು ಬಂದವರು ಕುಲಗೋತ್ರ ಕೇಳುವ ಮೊದಲು, ಇವರದು ಹೆಬ್ಬೀದಿ ಮನೆಯೋ ಓಣಿ ಮನೆಯೋ ಎಂದು ಕೇಳುತ್ತಾರೆ. ಪರವೂರಿನವರು ಇದನ್ನು ಕೇಳಿ, ನೀವು ಎಷ್ಟು ಸಮಾಧಾನದ ಜನ ಎಂದು ಹೊಗಳುತ್ತಾರೆ. ನಾನೂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಮುಗಿಸಿ ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೆಯೇ ಅಂದುಕೊಂಡಿದ್ದೆ. ಎರಡು ದ್ರಾವಣಗಳನ್ನು ಒಂದೇ ಪಾತ್ರೆಯಲ್ಲಿ ಬೆರೆಸಿ ನೊರೆ ಉಕ್ಕಿಸುವುದಕ್ಕಿಂತ ಎರಡು ಪಾತ್ರೆಗಳಲ್ಲಿ ಇಡುವುದು ಒಳ್ಳೆಯದಲ್ಲವೇ?

ಆದರೆ ಓಣಿ ಎಂದೆಂದಿಗೂ ಇರುವಂಥದಲ್ಲ. ಮಾಡಿ ನೋಡಿದ್ದು ಹಿಡಿಸದಿದ್ದರೆ ಬಿಟ್ಟುಬಿಡಬೇಕು. ಬಿಟ್ಟ ಓಣಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಅಲ್ಲಿ ಕಟ್ಟಿದ್ದು ಬೆಳೆಸಿದ್ದು ಎಲ್ಲ ಅದರ ಜೊತೆಗೇ ಹೋಗುತ್ತದೆ. ಹಿಡಿಸಿದರೆ ಅದನ್ನು ಹೆಬ್ಬೀದಿಗೆ ಕೂಡಿಸಬೇಕು. ಓಣಿಯಲ್ಲಿ ಅಟ್ಟ ಕಟ್ಟಿದ್ದರೆ ಕೂಡಿಸಿದ ದಿನ ಹೆಬ್ಬೀದಿಯ ಮನೆಗೂ ಅಟ್ಟ ಬರುತ್ತದೆ. ಅಷ್ಟರಲ್ಲಿ ಹೆಬ್ಬೀದಿಯವರು ಹಿತ್ತಲಿಗೆ ಬೇಲಿ ಹಾಕಿಸಿದ್ದರೆ ಅದೂ ಉಳಿಯುತ್ತದೆ. ಒಂದೇ ಜಾಗವನ್ನು ಎರಡೂ ಕಡೆಯವರು ಬೇರೆ ಬೇರೆಯಾಗಿ ಬದಲಾಯಿಸಿದ್ದರೆ ಮಾತ್ರ ಕೂಡಿಕೆ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಇದನ್ನು ನಾವು ತಕರಾರು ಎನ್ನುತ್ತೇವೆ. ಆಗ ಎರಡೂ ಕಡೆಯವರು ಆ ಜಾಗದಲ್ಲಿ ನಿಂತು, ಇದಿರಲಿ, ಅದಿರಲಿ, ಇಲ್ಲವೇ ಮೂರನೆಯದೇ ಒಂದಿರಲಿ ಎಂದು ಒಂದೇ ಬಾಯಲ್ಲಿ ಹೇಳಬೇಕು. ಓಣಿ ಅಧಿಕಾರಿಯಾದ ನಾನು ಹೇಳುವ ಹಾಗಿಲ್ಲ. ಜನ ತಕರಾರಿಗೆ ಬಹಳ ಹೆದರುತ್ತಾರೆ. ತಕರಾರು ಬರುತ್ತದೆಂದು ಗೊತ್ತಾದರೆ ಎಷ್ಟೋ ಮಂದಿ ಓಣಿಯನ್ನೇ ಬಿಟ್ಟುಬಿಡುತ್ತಾರೆ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಪ್ರತಿ ಓಣಿಯ ಬಾಯಲ್ಲಿ ಒಂದು ಕಲ್ಲಿರುತ್ತದೆ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅದಕ್ಕೆ ಕಾಲು ಒರೆಸಬೇಕು. ಕಾಲಿನ ಮಣ್ಣಿನ ಜೊತೆ ಮಾತನ್ನೂ ಅಲ್ಲೇ ಬಿಟ್ಟು ಬರಬೇಕೆಂದು ಅರ್ಥ. ಓಣಿಯಲ್ಲಿ ಏನು ನಡೆದಿದೆ ಎಂದು ಹೆಬ್ಬೀದಿಯಲ್ಲಿ ಆಡುವುದು, ಹೆಬ್ಬೀದಿಯ ಸುದ್ದಿಯನ್ನು ಓಣಿಗೆ ಒಯ್ಯುವುದು, ಉಂಡ ಎಲೆಯನ್ನು ಮತ್ತೊಬ್ಬರ ಮುಂದೆ ಇಟ್ಟಷ್ಟು ಅಸಹ್ಯವೆಂದು ನಮ್ಮವರು ತಿಳಿಯುತ್ತಾರೆ. ನನಗಂತೂ ಅದು ನೌಕರಿಯ ನಿಯಮವೇ.

ಒಂದೊಂದು ಓಣಿ ತೆರೆದಾಗಲೂ ಹೆಬ್ಬೀದಿ ಒಂದಿಷ್ಟು ಕಿರಿದಾಗುತ್ತದೆ. ಈ ವರ್ಷ ಅದು ಎಷ್ಟು ಕಿರಿದಾಯಿತೆಂದರೆ, ಎದುರುಬದುರಾದ ಎರಡು ಚಕ್ಕಡಿಗಳಲ್ಲಿ ಒಂದು ಹಿಂದೆ ಸರಿಯಬೇಕಾಯಿತು. ಯಾವುದು ಸರಿಯಬೇಕು ಎಂಬುದಕ್ಕೆ ಇಬ್ಬರೂ ಚಕ್ಕಡಿಯವರು ನನ್ನ ಕಚೇರಿಗೆ ಬಂದಾಗ ಪಂಚಾಯಿತಿಗೆ ಎಚ್ಚರವಾಯಿತು. ಹಳೆಯ ಓಣಿಗಳನ್ನು ಯುಗಾದಿಯ ಒಳಗೆ ಕೂಡಿಸಿ, ಇಲ್ಲವೇ ಬಿಡಿಸಿ ಎಂದು ಆಜ್ಞೆಯಾಯಿತು. ಹಾಗೆ ದಾನವ್ವನ ಖಾನಾವಳಿಯ ಓಣಿ ನನ್ನ ಕೈಗೆ ಬಂತು.

ದಾನವ್ವ ಮತ್ತು ಕಸ್ತೂರಿ ನೆಗೆಣ್ಣಿಯರು. ಗಂಡಂದಿರಿಬ್ಬರೂ ಎತ್ತಿನ ವ್ಯಾಪಾರಕ್ಕೆಂದು ಸಂತೆಯಿಂದ ಸಂತೆಗೆ ಅಲೆಯುವ ಅಣ್ಣತಮ್ಮಂದಿರು. ಊರಿಗೆ ಬಂದಾಗ ಅವರು ಮಧ್ಯಾಹ್ನ ಒಬ್ಬಳ ಕೈಯ ರೊಟ್ಟಿ, ಸಂಜೆ ಇನ್ನೊಬ್ಬಳ ಕೈಯದು ತಿಂದು, ಎರಡನ್ನೂ ಸಮನಾಗಿ ಹೊಗಳಿ, ಎತ್ತುಗಳ ಹತ್ತಿರ ಹೋಗಿ ಮಲಗುತ್ತಾರೆ. ಖಾನಾವಳಿ ನಡೆಸುವವರು ಈ ಹೆಂಗಸರೇ. ಮದುವೆಯಾಗಿ ಬಂದಾಗಿನಿಂದ ಕಸ್ತೂರಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು, ದಾನವ್ವ ಪಡಸಾಲೆಯಲ್ಲಿ ಬಡಿಸುವುದು. ಒಲೆ ಅಡುಗೆಮನೆಯ ನಡುವಿಗಿದೆ. ಅದರ ಆಚೆ ಕಟ್ಟಿಗೆಯ ರಾಶಿ, ರಾಶಿಯ ಹಿಂದೆ ಅಡುಗೆಮನೆಗೂ ಪಡಸಾಲೆಗೂ ನಡುವಿನ ದಪ್ಪ ಮಣ್ಣಿನ ಗೋಡೆ. ಕೂತವಳಿಗೆ ಕಾಣುವುದು ಬೆಂಕಿ, ಕಟ್ಟಿಗೆ, ಗೋಡೆ. ಗೋಡೆಯಾಚೆಯಿಂದ ತಾಟಿನ ಸಪ್ಪಳ, ನಗು, “ಇನ್ನೊಂದು ತರ್ರಿ” ಎಂಬ ಕೂಗು.

ಆ ಗೋಡೆಯಲ್ಲಿ ಒಂದು ಕಿಟಕಿ ಒಡೆಸೋಣ, ಉಣ್ಣುವವರ ಮುಖ ಕಾಣಲಿ ಎಂದು ಕಸ್ತೂರಿ ಕೇಳಿದಳು. ಉಣ್ಣುವವರ ಮುಖ ನೋಡಬಾರದು ಎಂದು ದಾನವ್ವ ಹೇಳಿದಳು. ಅಷ್ಟೇ ಆದದ್ದು. ಮರುದಿನ ಇಬ್ಬರೂ ನನ್ನ ಕಚೇರಿಯಲ್ಲಿ ಕೂತಿದ್ದರು, ಅದರ ಮರುದಿನ ಓಣಿ ತೆರೆಯಿತು. ಕಸ್ತೂರಿ ಒಳಗೆ ಹೋದಳು. ಹಾಗೆ ಹೋಗಿ ಎರಡು ಯುಗಾದಿ ಕಳೆದಿದ್ದವು.

ಕೂಡಿಸುವ ಮೊದಲು ಎರಡೂ ಮನೆಗಳನ್ನು ಅಳೆದು, ಎಲ್ಲಿ ತಕರಾರು ಬಂದೀತು ಎಂದು ನೋಡುವುದು ನನ್ನ ರೂಢಿ. ಮೊದಲು ಹೆಬ್ಬೀದಿಯ ಖಾನಾವಳಿಗೆ ಹೋದೆ. ಊಟದ ಹೊತ್ತು ಮುಗಿಯುತ್ತ ಬಂದಿತ್ತು. ಕೆಲಸಕ್ಕಿಟ್ಟುಕೊಂಡ ಹೆಂಗಸು ಬಡಿಸುತ್ತಿದ್ದಳು, ದಾನವ್ವನೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವಳ ಎದುರಿನ ಗೋಡೆಯಲ್ಲಿ, ಕಟ್ಟಿಗೆ ರಾಶಿಯ ಮೇಲೆ, ಎರಡು ತೋಳು ಚಾಚಿದಷ್ಟು ಅಗಲದ ಕಿಟಕಿ ಇತ್ತು.

ನಾನು ಅಳತೆಪಟ್ಟಿ ಬಿಚ್ಚದೆ ನಿಂತದ್ದನ್ನು ಕಂಡು ಅವಳೇ ಮಾತು ತೆಗೆದಳು. “ಏನ್ ನೋಡ್ತೀರಿ ಸಾಹೇಬ್ರ? ಹೌದು, ಒಡಿಸೀನಿ. ಅಕಿ ಹೋದ ಮ್ಯಾಲೆ ರೊಟ್ಟಿ ಬಡ್ಯಾಕ ಯಾರಿದ್ರು? ನಾನ ಕುಂತೆ. ಎಂಟ ತಿಂಗಳಾ ಆ ಗ್ವಾಡಿ ನೋಡಿದೆ ನೋಡ್ರಿ, ತಲಿ ಕೆಟ್ಟು ಗೊಬ್ಬರ ಆತು. ನಾ ಪಡಸಾಲ್ಯಾಗ ನಕ್ಕೋತ ತಿರಗ್ಯಾಡಾಕಿ, ನನಗೇನ ಗೊತ್ತಿತ್ತು?”

“ಉಣ್ಣುವವರ ಮಾರಿ ನೋಡಬಾರದು ಅಂತಿದ್ದಿರಲ್ಲ?”

“ಅಂತಿದ್ದೆ. ನೋಡಾಕತ್ತ ಮ್ಯಾಲೆ ಏನೂ ಆಗಲಿಲ್ಲ. ಅಲ್ಲಿ ನೋಡ್ರಿ, ಆ ಹಲ್ಲಿಲ್ಲದ ಮುದುಕ. ಅವಂಗ ಬ್ಯಾಡಾಗಿದ್ರ ಬೆನ್ನ ಮಾಡಿ ಕುಂದರ್ತಾನ. ಆತಲ್ಲ?” ಪಡಸಾಲೆಯ ಮೂಲೆಯಲ್ಲಿ ಒಬ್ಬ ಮುದುಕ ಕಿಟಕಿಗೆ ಬೆನ್ನು ಕೊಟ್ಟು ರೊಟ್ಟಿಯನ್ನು ಪಲ್ಯದಲ್ಲಿ ನೆನೆಸುತ್ತಿದ್ದ. ದಾನವ್ವ ಹಿಟ್ಟಿನ ಕೈ ಝಾಡಿಸಿದಳು. “ಅಕಿಗೆ ಹೇಳಬ್ಯಾಡ್ರಿ ಮತ್ತ. ಓಣಿ ಕೂಡಿದ ದಿನ ತಾನ ನೋಡ್ಲಿ.”

“ನಾನು ಹೇಳುವ ಹಾಗೂ ಇಲ್ಲ” ಎಂದೆ.

ಕಲ್ಲಿಗೆ ಕಾಲು ಒರೆಸಿ ಓಣಿಗೆ ಹೋದೆ. ಓಣಿಯ ಖಾನಾವಳಿಯಲ್ಲಿ ಜನ ಎದ್ದುಹೋಗಿದ್ದರು. ಕಸ್ತೂರಿ ಮಾರನೆಯ ದಿನಕ್ಕೆಂದು ರೊಟ್ಟಿ ಬಡಿದು ಒಣಗಲು ಹಾಕುತ್ತಿದ್ದಳು. ಕಟ್ಟಿಗೆಯ ರಾಶಿಯನ್ನು ಹಿತ್ತಲಿಗೆ ಸಾಗಿಸಿ, ಒಲೆಗೂ ಗೋಡೆಗೂ ನಡುವಿನ ಆ ಜಾಗದಲ್ಲಿ ಮಣೆ ಹಾಕಿಕೊಂಡಿದ್ದಳು. ಅಂದರೆ ಒಲೆಯ ಆಚೆ ಬದಿಗೆ, ಗೋಡೆಗೆ ಬೆನ್ನು ಕೊಟ್ಟು. ಅವಳ ಬೆನ್ನ ಹಿಂದೆ ಸುಣ್ಣ ಬಳಿದ ಗೋಡೆ ಇತ್ತು. ಬೆರಳಾಡಿಸಿ ನೋಡಿದೆ. ಎಲ್ಲಿಯೂ ಕಿಟಕಿಯಿರಲಿಲ್ಲ.

“ಇಟ್ಟಿದ್ನಿರಿ, ಮುಚ್ಚಿಸೀನಿ” ಎಂದಳು ಕಸ್ತೂರಿ, ತಲೆಯೆತ್ತದೆ. “ಮೊದಮೊದಲ ಭಾಳ ಛಂದ ಅನಸ್ತಿತ್ತು. ಆಮ್ಯಾಲೆ ನೋಡ್ತೀನಿ, ನನ್ನ ಕಣ್ಣು ಬಿದ್ದ ಕೂಡ್ಲೆ ಮಂದಿ ಗಬಗಬ ತಿಂತಾರ. ಹೊಟ್ಟಿ ತುಂಬಿದ್ರೂ ‘ಯವ್ವಾ ಇನ್ನೊಂದು’ ಅಂತಾರ, ನಾ ಬ್ಯಾಸರಾ ಮಾಡ್ಕೋಬಾರದಂತ. ಒಬ್ಬ ಮುದುಕ ಇದ್ದ, ಹಲ್ಲಿಲ್ಲ ಪಾಪ, ರೊಟ್ಟಿ ಪಲ್ಯಾದಾಗ ನೆನಸಿ ನೆನಸಿ ಚೀಪತಿದ್ದ. ನಾ ನೋಡಿದ್ದ ತಡ, ಬರೂದ ಬಿಟ್ಟ. ಉಣ್ಣೂ ಮನಷ್ಯಾನ್ನ ನೋಡಬಾರದ್ರಿ. ಅಕ್ಕ ಹೇಳಿದ್ದ ಖರೇ ಆತು.”

ಆ ಮುದುಕ ಎಲ್ಲಿದ್ದಾನೆಂದು ನನಗೆ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ. “ಹಾಗಾದರೆ ಅದನ್ನು ಅಕ್ಕನಿಗೆ ಹೇಳಬಹುದಲ್ಲ” ಎಂದೆ.

“ಹೇಳ್ತೀನಿ. ಆದ್ರ ಅಕಿ ಕೇಳಬೇಕು.” ಕಸ್ತೂರಿ ರೊಟ್ಟಿಯನ್ನು ತಿರುವಿ ಹಾಕಿದಳು. “ಈ ಗ್ವಾಡಿ ಮುಂದ ಬಂದು ನಿಂತು, ‘ಯಾಕ ಮುಚ್ಚಿದಿ’ ಅಂತ ಬಾಯಿಬಿಟ್ಟು ಕೇಳಬೇಕು. ಮದಿವ್ಯಾಗಿ ಬಂದಾಗಿಂದ ಒಂದ ಒಲಿ ಮುಂದ ದುಡದೀವಿ. ಅಕಿ ನನ್ನ ಬಡದಿಲ್ಲ, ಬೈದಿಲ್ಲ, ಖರೇ. ಆದ್ರ ಒಂದ ದಿನಾನೂ ‘ಯಾಕವಾ’ ಅಂತ ಕೇಳಿಲ್ರಿ. ಓಣಿ ತೆರದ ದಿನಾನೂ ಕೇಳಲಿಲ್ಲ. ‘ಹೋಗ್ತೀಯೇನು, ಹೋಗು’ ಅಂದ್ಲು. ಸಂತಿಗೆ ಹೋಗಾಕಿಗೆ ಹೇಳಿದಂಗ. ಅಕಿ ಕೇಳಿದ ದಿನ ನಾ ಈ ಓಣಿ ಬಿಟ್ಟು ಹೋಗಾಕ ಸೈ. ಕೇಳದ ಹಂಗ ಓಣಿ ಕೂಡಿ, ನಾ ಸುಮ್ಮನ ಹೋಗಿ ಮತ್ತ ಅಲ್ಲೇ ಕುಂದರೂದಾದ್ರ, ನಾ ಇಲ್ಲಿಗೆ ಯಾಕ ಬಂದೆ?”

“ತಕರಾರು ಬಂದರೆ ತಾನೇ ಅವರು ಬಂದು ನಿಲ್ಲುವುದು.”

“ಬರ್ತದಲ್ರಿ? ಒಡಿಸಿದೆ, ಮುಚ್ಚಿಸಿದೆ. ಇಷ್ಟೆಲ್ಲಾ ಈ ಗ್ವಾಡಿಗೇ ಆಗೇತಿ.”

ಇಲ್ಲಿ ನಾನು ನನ್ನ ಓದಿನ ಬುದ್ಧಿಯನ್ನು ಬಳಸಿ ವಿವರಿಸಬೇಕಾಯಿತು. ಓಣಿಗೆ ನೆನಪಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ: ತೆರೆದ ದಿನ ಹೇಗಿತ್ತು, ಈಗ ಹೇಗಿದೆ. ನಡುವೆ ಒಡೆದದ್ದು, ಕಟ್ಟಿದ್ದು, ಅತ್ತದ್ದು, ಮನಸ್ಸು ಬದಲಾದದ್ದು ಅದರ ಲೆಕ್ಕಕ್ಕಿಲ್ಲ. ಈ ಗೋಡೆ ಅಂದು ಹೇಗಿತ್ತೋ ಇಂದೂ ಹಾಗೆಯೇ ಇದೆ. ಆದ್ದರಿಂದ ಕೂಡಿಸುವಾಗ ಹೆಬ್ಬೀದಿಯಲ್ಲಿ ಈಗ ಏನಿದೆಯೋ ಅದೇ ಉಳಿಯುತ್ತದೆ. ಯಾರನ್ನೂ ಯಾರೂ ಕೇಳುವುದಿಲ್ಲ.

ಕಸ್ತೂರಿಯ ಕೈ ನಿಂತಿತು. “ಅಂದ್ರ ನಾ ಇಲ್ಲಿ ಏನೂ ಮಾಡೇ ಇಲ್ಲ?”

“ಓಣಿಯ ಪ್ರಕಾರ, ಈ ಗೋಡೆಯ ಮಟ್ಟಿಗೆ, ಇಲ್ಲ.”

“ಆ ಮಣ್ಣು ತುಳಿದದ್ದು? ಸುಣ್ಣ? ಇಮಾಮಸಾಬನ ಬೈಗಳಾ?” ಇಮಾಮಸಾಬ ನಮ್ಮ ಊರಿನ ಗೋಡೆ ಕಟ್ಟುವ ಗೌಂಡಿ. “ತಕರಾರು ಬರಬೇಕಂದ್ರ ಏನಾಗಬೇಕ್ರಿ?”

“ಆ ಜಾಗ ಎರಡೂ ಕಡೆ ಬದಲಾಗಿರಬೇಕು.”

“ಹೆಬ್ಬೀದ್ಯಾಗ ಬದ್ಲಾಗೇತೇನು?”

“ಅದನ್ನು ನಾನು ಹೇಳುವ ಹಾಗಿಲ್ಲ.”

ರೊಟ್ಟಿ ಹೆಂಚಿನ ಮೇಲೆ ಹೊತ್ತುವವರೆಗೆ ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಅದನ್ನು ತೆಗೆದು ಪಕ್ಕಕ್ಕೆ ಒಗೆದು, ಸಣ್ಣಗೆ ನಕ್ಕಳು. “ಹೋಗ್ಲಿ ಬಿಡ್ರಿ. ಅಷ್ಟ ದಿನಾ ಕಿಡಕ್ಯಾಗ ಕುಂತು ಮಂದಿ ಮಾರಿ ನೋಡೀನಿ. ಬಾಯಿ ಹೇಳಲಾರದ್ದು ಮಾರಿ ಹೇಳ್ತದ.”

ಹೊರಗೆ ಬರುವಾಗ ಓಣಿಯ ಕಲ್ಲಿನ ಹತ್ತಿರ ಇಮಾಮಸಾಬ ಸಿಕ್ಕ. ಹೆಬ್ಬೀದಿಯಲ್ಲಿ ಕಿಟಕಿ ಒಡೆದವನೂ ಅವನೇ, ಓಣಿಯಲ್ಲಿ ಮುಚ್ಚಿದವನೂ ಅವನೇ. ಎರಡೂ ಒಂದೇ ವಾರದಲ್ಲಿ ಆಗಿದ್ದವಂತೆ. “ಅಲ್ಲಿ ತೆಗದ ಮಣ್ಣ ಇಲ್ಲಿ ತಂದು ಮೆತ್ತಬೇಕನಸ್ತಿತ್ರಿ ಸಾಹೇಬ್ರ” ಎಂದ. “ಆದ್ರ ಕಲ್ಲಿಗೆ ಕಾಲು ಒರಸೀವಲ್ಲ. ಬಾಯಾಗ ಗಾರಿ ತುಂಬಿಕೊಂಡು ಅಡ್ಡ್ಯಾಡಿದೆ.”

ಕೂಡಿಸುವ ದಿನ ಬೆಳಗಾಗುವಾಗ ಪದ್ಧತಿಯಂತೆ ಓಣಿಯ ಮನೆಗೆ ಕೊನೆಯ ಬಾರಿ ಹೋಗಿ ಬಂದೆ. ಕಸ್ತೂರಿ ಗಂಟುಮೂಟೆ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಒಳಗೆ ಸುಣ್ಣದ ಗೋಡೆಯ ನಟ್ಟನಡುವೆ, ಹೊಸದೊಂದು ದಪ್ಪ ಮೊಳೆ ಹೊಡೆದಿತ್ತು. ಅದಕ್ಕೆ ಒಂದು ಹಿತ್ತಾಳೆಯ ಸೌಟು ತೂಗುಹಾಕಿತ್ತು. ಓಣಿ ತೆರೆದ ದಿನ ಆ ಮೊಳೆ ಅಲ್ಲಿರಲಿಲ್ಲ. ಮೊಳೆ ಹೊಡೆಯಬಾರದೆಂದು ಯಾವ ನಿಯಮದಲ್ಲಿಯೂ ಇಲ್ಲ. ನಾನು ಹೊರಗೆ ಬಂದು ಓಣಿ ತೆರೆದಾಗ ಅದರ ಬಾಯಿಗೆ ಕಟ್ಟಿದ್ದ ನೂಲನ್ನು ಕತ್ತರಿಸಿ ಕೂಡಿಕೆ ಶುರುಮಾಡಿದೆ.

ಕೂಡಿಕೆ ನೋಡಲು ಅಂಥ ದೊಡ್ಡ ಸಂಗತಿಯೇನಲ್ಲ. ಪೆಟ್ಟಿಗೆಯ ಖಾನೆ ಒಳಗೆ ಸರಿದ ಹಾಗೆ ಓಣಿ ಹಿಂದಿನಿಂದ ಸರಿಯುತ್ತ ಬರುತ್ತದೆ. ಕಸ್ತೂರಿ ನೆಟ್ಟ ಕರಿಬೇವು ಹೆಬ್ಬೀದಿಯ ಹಿತ್ತಲಿನಲ್ಲಿ ನಿಂತಿತು. ಅವಳು ಮಾಡಿಸಿದ ರೊಟ್ಟಿ ಒಣಗಿಸುವ ತಂತಿ ಬಂತು. ಒಲೆಯ ಹಿಂದಿನ ಕಟ್ಟಿಗೆ ರಾಶಿ ಕರಗಿ ಹಿತ್ತಲಿಗೆ ಹೋಯಿತು, ಆ ಜಾಗದಲ್ಲಿ ಅವಳ ಮಣೆ ಕಂಡಿತು. ದಾನವ್ವ ಇದನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ಆಮೇಲೆ ಒಂದು ಸಣ್ಣ ಸಪ್ಪಳವಾಗಿ ಎಲ್ಲ ನಿಂತಿತು. ಗೋಡೆಯ ಜಾಗದಲ್ಲಿ ಗೋಡೆಯೂ ಇತ್ತು, ಕಿಟಕಿಯೂ ಇತ್ತು. ಒಂದು ಮಗ್ಗುಲಿಗೆ ನಿಂತರೆ ಸುಣ್ಣದ ಮಣ್ಣು ಕಾಣುತ್ತಿತ್ತು, ಒಂದು ಹೆಜ್ಜೆ ಸರಿದರೆ ಪಡಸಾಲೆ. ಒಲೆಯ ಹೊಗೆ ಅಲ್ಲಿಯವರೆಗೆ ಹೋಗಿ, ಮುಂದೆ ಹೋಗುವುದೋ ಬೇಡವೋ ತಿಳಿಯದೆ ಸುಳಿಯುತ್ತಿತ್ತು.

“ತಕರಾರು” ಎಂದೆ.

ದಾನವ್ವನ ಮುಖದ ಬಣ್ಣ ಇಳಿಯಿತು. ತಲೆತಲಾಂತರದಿಂದ ಆ ಮನೆಯಲ್ಲಿ ತಕರಾರು ಬಂದಿರಲಿಲ್ಲ. ಕಸ್ತೂರಿ ಬಂದು ಗೋಡೆಯ ಪಕ್ಕದಲ್ಲಿ ನಿಂತಳು. ಒಬ್ಬರನ್ನೊಬ್ಬರು ಕಂಡು ಎರಡು ವರ್ಷವಾಗಿತ್ತು. ದಾನವ್ವ ಗೋಡೆಯನ್ನು ನೋಡಿದಳು, ಮೊಳೆಯನ್ನು ನೋಡಿದಳು, ಸೌಟನ್ನು ನೋಡಿದಳು.

“ಇಲ್ಲಿ ನಿನ್ನ ಕಿಡಕಿ ಇರಬೇಕಿತ್ತು” ಎಂದಳು.

“ಇತ್ತು.”

ದಾನವ್ವ ಉಗುರಿನಿಂದ ಸುಣ್ಣ ಕೆರೆದು ನೋಡಿದಳು. ಕೇಳುವುದು ಅವಳಿಗೆ ರೂಢಿಯಿರಲಿಲ್ಲ. ಕೊನೆಗೆ ಕೇಳಿದಳು: “ಯಾಕ ಮುಚ್ಚಿದಿ?”

ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹೇಳತೊಡಗಿದಳು, ಗಬಗಬ ತಿನ್ನುವವರ ಸಂಗತಿ, ಮುದುಕನ ಸಂಗತಿ.

“ಯಾವ ಮುದುಕ?” ದಾನವ್ವನ ದನಿ ಏರಿತು. “ಆ ಹಲ್ಲಿಲ್ಲದಾವೇನು? ಅಂವ ದಿನಾ ಇಲ್ಲೇ ಉಣ್ತಾನ! ಬೆನ್ನ ಮಾಡಿ ಕುಂತು ಎರಡ ರೊಟ್ಟಿ ಹೊಡೀತಾನ. ಅವನ ಸಲುವಾಗಿ ಕಿಡಕಿ ಮುಚ್ಚಿದ್ಯಾ, ಹುಚ್ಚಿ?”

“ಅವನೊಬ್ಬನ ಸಲುವಾಗಿ ಅಲ್ಲಕ್ಕಾ. ನೀನ ಹೇಳಿದ್ದಿ, ನೋಡಬಾರದಂತ.”

“ನಾ ಹೇಳಿದ್ದು ಸುಳ್ಳು! ನಾ ಆ ಗ್ವಾಡಿ ಮುಂದ ಕುಂತಿದ್ನೇನು ಹೇಳಾಗ? ಕುಂತ ಮ್ಯಾಲೆ ಗೊತ್ತಾತು. ಕಿಡಕಿ ಇರಬೇಕು.”

“ನೀ ಒಡಿಸಿದ್ಯಾ?” ಕಸ್ತೂರಿ ಒಂದು ಹೆಜ್ಜೆ ಸರಿದು ಕಿಟಕಿಯನ್ನು ಕಂಡಳು. “ಅಯ್ಯ, ನನಗಿಂತ ದೊಡ್ಡದ ಮಾಡೀಯಲ್ಲ! ಮಂದಿ ಹೆಂಗ ಉಣಬೇಕ ಇದರ ಮುಂದ? ಮುಚ್ಚಸು.”

“ಮುಚ್ಚಸಂಗಿಲ್ಲ!”

“ಅಕ್ಕಾ, ನಾ ಕುಂತು ನೋಡೀನಿ, ಹೇಳಾಕತ್ತೀನಿ!”

“ನಾ ಏನ್ ನಿಂತು ನೋಡೀನೇನು?”

ಅವರು ಪರಸ್ಪರ ಪಕ್ಷ ಬದಲಾಯಿಸಿಕೊಂಡಿದ್ದಾರೆ ಎಂಬುದು ಇಬ್ಬರ ಗಮನಕ್ಕೂ ಬಂದಂತಿರಲಿಲ್ಲ. ದನಿ ಹೆಬ್ಬೀದಿಗೆ ಕೇಳಿ ಜನ ಕೂಡಿದರು. ಜಗಳವನ್ನು ಕಣ್ಣಾರೆ ಕಂಡವರು ಅವರಲ್ಲಿ ಬಹಳ ಕಡಿಮೆ. ಒಬ್ಬಾಕೆ ಹೆದರಿ ಮಗುವಿನ ಕಿವಿ ಮುಚ್ಚಿದಳು, ಇನ್ನೊಬ್ಬಾಕೆ ಜಗಲಿ ಹತ್ತಿ ನಿಂತು, “ಸ್ವಲ್ಪ ತಡೀರೆವಾ, ಮೊದಲಿಂದ ಹೇಳ್ರಿ, ನಾ ಈಗ ಬಂದೀನಿ” ಎಂದು ಕೂಗಿದಳು. ಇಮಾಮಸಾಬ ಕರಣಿ ಹಿಡಿದು ಬಾಗಿಲಲ್ಲಿ ನಿಂತಿದ್ದ. “ಯವ್ವಾ, ಒಡೀಲ್ಯೋ, ಕಟ್ಲ್ಯೋ, ಒಂದ ಹೇಳ್ರಿ” ಎಂದ. “ನೀ ಸುಮ್ಮನಿರು!” ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಆ ದಿನ ಅವರು ಒಂದೇ ಬಾಯಲ್ಲಿ ಹೇಳಿದ್ದು ಅದೊಂದೇ. ನಿಯಮದ ಪ್ರಕಾರ ಅದನ್ನು ನಾನು ತೀರ್ಮಾನವೆಂದು ಬರೆದುಕೊಳ್ಳುವ ಹಾಗಿರಲಿಲ್ಲ.

ಹೊತ್ತು ಏರಿತು. ಪಡಸಾಲೆಯಲ್ಲಿ ಉಣ್ಣುವವರು ಬಂದು ಕೂತು ತಾಟು ಬಡಿಯತೊಡಗಿದರು. “ರೊಟ್ಟಿ ಸಿಗತಾವೋ, ಬರೇ ಜಗಳಾನ ಬಡಸ್ತೀರೋ?” ಎಂದು ಯಾರೋ ಕೂಗಿದರು. ದಾನವ್ವ ಜಗಳ ನಿಲ್ಲಿಸದೆಯೇ ಹೋಗಿ ಒಲೆಯ ಮುಂದೆ ಕೂತಳು. ಕಸ್ತೂರಿ ಉತ್ತರ ಕೊಡುತ್ತಲೇ ಒಲೆಯ ಆಚೆ ಬದಿಗೆ ಹೋಗಿ ತನ್ನ ಮಣೆಯ ಮೇಲೆ ಕೂತಳು. ಇಬ್ಬರ ನಡುವೆ ಬೆಂಕಿ. ಆಗಷ್ಟೇ ನನಗೆ ಅದು ಹೊಳೆಯಿತು: ಒಬ್ಬಳು ಗೋಡೆಯ ಕಡೆ ಮುಖ ಮಾಡಿ ಕೂರುವವಳು, ಇನ್ನೊಬ್ಬಳು ಗೋಡೆಗೆ ಬೆನ್ನು ಕೊಟ್ಟು ಕೂರುವವಳು. ಯಾರೂ ಯೋಜಿಸಿರಲಿಲ್ಲ, ಯಾವ ತಕರಾರೂ ಇಲ್ಲದೆ ಕೂಡಿಕೆಯೇ ಅವರನ್ನು ಎದುರುಬದುರು ಕೂರಿಸಿತ್ತು. ಒಬ್ಬಳು ಬಡಿದ ರೊಟ್ಟಿಯನ್ನು ಇನ್ನೊಬ್ಬಳು ಹೆಂಚಿನ ಮೇಲೆ ಹಾಕಿದಳು. “ಕಿನಾರಿ ದಪ್ಪ ಆಗೇತಿ” ಎಂದಳು ಕಸ್ತೂರಿ. “ಯಾಕ ಆಗೇತಿ ಅಂತ ಕೇಳು” ಎಂದಳು ದಾನವ್ವ.

ಯುಗಾದಿ ಕಳೆದು ಬಹಳ ದಿನವಾಯಿತು. ಅವರಿನ್ನೂ ತೀರ್ಮಾನ ಹೇಳಿಲ್ಲ. ಓಣಿ ಪೂರ್ತಿ ಕೂಡಿದೆ, ಒಂದು ಗೋಡೆಯ ದಪ್ಪದಷ್ಟು ಮಾತ್ರ ಉಳಿದಿದೆ. ಚಕ್ಕಡಿಗಳಿಗೆ ಅದರಿಂದ ತೊಂದರೆಯಿಲ್ಲ. ಪಂಚಾಯಿತಿಯವರು ಕೇಳಿದಾಗಲೆಲ್ಲ, ತಕರಾರು ನಡೆದಿದೆ ಎಂದು ತಿಳಿಸುತ್ತೇನೆ. ಈಚೆಗೆ ಕಂಬಾರನ ಅಂಗಡಿಯಲ್ಲಿ ದಪ್ಪ ಮೊಳೆಗಳು ಸಿಗುತ್ತಿಲ್ಲವಂತೆ. ಹಸಿರು ಬಾಗಿಲಿನ ಗಂಡ ಒಂದು ಒಯ್ದ, ನೀಲಿ ಬಾಗಿಲಿನ ಹೆಂಡತಿ ಮರುದಿನ ಬಂದು ಇನ್ನೊಂದು ಒಯ್ದಳು ಎಂದು ಅವನು ಹೇಳಿದ.

ನಾನೀಗ ಮಧ್ಯಾಹ್ನದ ಊಟಕ್ಕೆ ಅಲ್ಲಿಗೇ ಹೋಗುತ್ತೇನೆ. ಹಲ್ಲಿಲ್ಲದ ಮುದುಕನ ಪಕ್ಕದಲ್ಲಿ ಕೂರುತ್ತೇನೆ. ಅವನು ಯಾವಾಗಲೂ ಬೆನ್ನು ಮಾಡಿಯೇ ಕೂರುತ್ತಾನೆ, ಕಿಟಕಿ ಇದ್ದರೂ ಇದ್ದೀತು ಎಂದು. ನಾನು ಕೂತ ಜಾಗದಿಂದ ಒಮ್ಮೆ ಸುಣ್ಣದ ಗೋಡೆ ಕಾಣುತ್ತದೆ, ಸ್ವಲ್ಪ ವಾಲಿದರೆ ಕಿಟಕಿ. ಕಿಟಕಿಯಲ್ಲಿ ಒಲೆಯ ಬೆಳಕು, ಎರಡು ತಲೆಗಳು, ನಿಲ್ಲದ ಮಾತು. ನಟ್ಟನಡುವೆ, ಏನನ್ನೂ ಆತುಕೊಳ್ಳದೆ, ಬಯಲಿನಲ್ಲಿ ತೂಗುತ್ತಿರುವ ಹಿತ್ತಾಳೆಯ ಸೌಟು. ಬೇಕಾದಾಗ ದಾನವ್ವ ಎದ್ದು ಬಂದು ಕೈ ಚಾಚಿ ಅದನ್ನು ತೆಗೆದುಕೊಂಡು ಸಾರು ಬಡಿಸಿ, ಮತ್ತೆ ಅಲ್ಲಿಯೇ ತೂಗುಹಾಕುತ್ತಾಳೆ.